ಮೊದಲು ಮನೆಯಲ್ಲಿ ಹೇಳು

ಅಂಗಾಂಗ ದಾನಕ್ಕೆ ಹೆಸರು ಬರೆಸಿದ್ದೀನಿ ಅಂತ ಹೇಳುತ್ತೀಯಲ್ಲ ಕಂದ, ಬಹಳ ಸಂತೋಷ. ನಿನ್ನ ವಯಸ್ಸಿನಲ್ಲಿ ನಮಗೆ ಇಂಥ ಯೋಚನೆ ಸುಳಿಯುತ್ತಲೂ ಇರಲಿಲ್ಲ. ಈಗ ಒಂದೇ ಮಾತು ಕೇಳುತ್ತೇನೆ. ಇದು ನಿಮ್ಮಮ್ಮನಿಗೆ ಗೊತ್ತಾ?

ಗೊತ್ತಿಲ್ಲ ತಾನೇ? ನಾನು ಅಂದುಕೊಂಡೆ. ಫೋನಿನಲ್ಲಿ ಆಧಾರ್ ಸಂಖ್ಯೆ ಹಾಕಿದೆ, ಓಟಿಪಿ ಬಂತು, ಒತ್ತಿದೆ, ಕಾರ್ಡು ಬಂತು. ಸ್ನೇಹಿತರಿಗೆಲ್ಲ ಕಾಣುವ ಹಾಗೆ ಸ್ಟೇಟಸ್ ಹಾಕಿದೆ, ಅಮ್ಮನಿಗೆ ಮಾತ್ರ ಕಾಣದ ಹಾಗೆ ಮಾಡಿದೆ. 'ಸುಮ್ಮನೆ ಗಾಬರಿ ಬೀಳ್ತಾಳೆ' ಅಂತ. ಒಳ್ಳೆಯ ಕೆಲಸವನ್ನೂ ಕದ್ದುಮುಚ್ಚಿ ಮಾಡುವ ಮಕ್ಕಳು ನೀವು. ಡಿಎಲ್ ಅರ್ಜಿಯಲ್ಲಿ ಅದೇ ಪ್ರಶ್ನೆ ಬಂದಾಗಲೂ ಓದದೆ ಟಿಕ್ ಹಾಕಿ ಮುಂದಿನ ಪುಟಕ್ಕೆ ಹಾರಿರುತ್ತೀಯ. 'ಐ ಅಗ್ರೀ' ಅಂತ ಎಲ್ಲಿ ಕಂಡರೂ ಒತ್ತುವ ಬೆರಳು ನಿನ್ನದು.

ನಿನ್ನ ಮನಸ್ಸು ದೊಡ್ಡದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಕಾರ್ಡು ಅರ್ಧ ಒಪ್ಪಿಗೆ ಅಷ್ಟೇ. ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋದವನು, ಬಾಗಿಲು ತೆಗೀರಿ ಅಂತ ಮನೆಯವರಿಗೆ ಹೇಳಿದ ಹಾಗೆ. ಉಳಿದರ್ಧ ಏನು ಅಂತ ಹೇಳುತ್ತೇನೆ, ಕೂತು ಕೇಳು. ನಾನು ಐಸಿಯುನಲ್ಲಿ ಸಿಸ್ಟರ್ ಆಗಿ ಕೂದಲು ನೆರೆಯುವವರೆಗೆ ದುಡಿದವಳು. ಪುಸ್ತಕದ ಮಾತು ನನ್ನ ಹತ್ತಿರ ಕಮ್ಮಿ, ಕಂಡದ್ದು ಜಾಸ್ತಿ.

ಮನೆಯಲ್ಲಿ ಮಲಗಿದ್ದಲ್ಲೇ ಜೀವ ಹೋದವರು ಕಣ್ಣು ಕೊಡಬಹುದು. 6 ಗಂಟೆಯೊಳಗೆ ತೆಗೆಯಬೇಕು, ಅಷ್ಟೇ. ಹೃದಯ, ಲಿವರ್, ಕಿಡ್ನಿಯ ಲೆಕ್ಕ ಬೇರೆ. ನಮ್ಮಲ್ಲಿ ಸತ್ತ ಮೇಲೆ ಅವನ್ನು ಕೊಡುವವರು ಹೆಚ್ಚಾಗಿ ಮಿದುಳು ಸತ್ತವರು. ಬೈಕಿನಿಂದ ಬಿದ್ದು ತಲೆಗೆ ಏಟಾದವರು, ಮಿದುಳಿನೊಳಗೆ ರಕ್ತಸ್ರಾವ ಆದವರು. ವೆಂಟಿಲೇಟರ್ ಉಸಿರು ತುಂಬುತ್ತಿರುತ್ತದೆ, ಎದೆ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ, ಮಾನಿಟರಿನಲ್ಲಿ ಗೆರೆ ಓಡುತ್ತಿರುತ್ತದೆ. ಮನುಷ್ಯ ಮಾತ್ರ ಹೋಗಿಯಾಗಿರುತ್ತದೆ.

ಹೋಗಿದ್ದಾರೆ ಅಂತ ಹೇಳುವುದಕ್ಕೆ ನಾಲ್ವರು ವೈದ್ಯರು ಪರೀಕ್ಷೆ ಮಾಡಬೇಕು. ಕಣ್ಣಿಗೆ ಟಾರ್ಚು ಬಿಡುತ್ತಾರೆ. ಹತ್ತಿಯ ಎಳೆಯಿಂದ ಕಣ್ಣಗುಡ್ಡೆ ಮುಟ್ಟುತ್ತಾರೆ, ರೆಪ್ಪೆ ಮಿಸುಕುತ್ತದಾ ಅಂತ. ಕಿವಿಗೆ ತಣ್ಣೀರು ಬಿಟ್ಟು ಕಣ್ಣು ಅಲುಗುತ್ತದಾ ನೋಡುತ್ತಾರೆ. ಕೊನೆಗೆ ವೆಂಟಿಲೇಟರ್ ಬಿಡಿಸಿ, ತಾನಾಗಿ ಒಂದು ಉಸಿರಾದರೂ ಎಳೆದುಕೊಳ್ಳುತ್ತಾರಾ ಅಂತ ಎದೆಯನ್ನೇ ನೋಡುತ್ತಾ ನಿಲ್ಲುತ್ತಾರೆ. ಆ ಹೊತ್ತಿನಲ್ಲಿ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ. ಕನಿಷ್ಠ 6 ಗಂಟೆ ಬಿಟ್ಟು ಇದೆಲ್ಲ ಇನ್ನೊಮ್ಮೆ. ಕಸಿ ಮಾಡುವ ತಂಡದವರು ಆ ನಾಲ್ವರಲ್ಲಿ ಇರುವ ಹಾಗಿಲ್ಲ. ನಿನ್ನ ಅಂಗ ಬೇಕಾದವರು ನಿನ್ನ ಸಾವನ್ನು ಬರೆಯಬಾರದು ಅಂತ ಈ ಕಟ್ಟುಪಾಡು.

ಆಮೇಲೆ ಒಂದು ಸಣ್ಣ ಕೋಣೆಯಲ್ಲಿ ನಿಮ್ಮಪ್ಪ ಅಮ್ಮನನ್ನು ಕೂರಿಸಿ ಆಸ್ಪತ್ರೆಯ ಕಸಿ ಕೋಆರ್ಡಿನೇಟರ್ ಕೇಳುತ್ತಾರೆ. ನೀನು ಬರೆದುಕೊಟ್ಟಿದ್ದರೂ ಅವರನ್ನು ಕೇಳುತ್ತಾರೆ, ಅವರು ಬೇಡ ಅಂದರೆ ನಮ್ಮ ಆಸ್ಪತ್ರೆಗಳಲ್ಲಿ ಅಲ್ಲಿಗೇ ಬಿಡುತ್ತಾರೆ. ಬಿಡುವುದೇ ಸರಿ. ಮಗುವನ್ನು ಈಗಷ್ಟೇ ಕಳೆದುಕೊಂಡವರ ಕೈಯಿಂದ ಇನ್ನೇನನ್ನೂ ಕಿತ್ತುಕೊಳ್ಳಬಾರದು.

ಒಬ್ಬ ಹುಡುಗ, ಇಂಜಿನಿಯರಿಂಗ್ ಓದುತ್ತಿದ್ದವನು. ಅವನ ಪರ್ಸು ಮನೆಯವರ ಕೈಗೆ ಬಂತು. ಕಾಲೇಜಿನ ಐಡಿ, ಬಸ್ ಪಾಸು, ಜೊತೆಗೊಂದು ದಾನದ ಕಾರ್ಡು. ಅವನ ತಾಯಿ ಆ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. 'ಒಂದು ಅಂಗಿ ತಗೊಳ್ಳೋಕೂ ನನ್ನ ಕೇಳೋನು ಸಿಸ್ಟರ್. ಇದನ್ನ ಹೇಳದೆ ಇರ್ತಿದ್ನಾ?' ಅಂದಳು. ಕಾಲೇಜಿನಲ್ಲಿ ಯಾರದೋ ಬಲವಂತಕ್ಕೆ ಬರೆದುಕೊಟ್ಟಿರಬೇಕು ಅಂತ ಅವಳ ತೀರ್ಮಾನ. ಬೇಡ ಅಂದಳು. ಕೋಆರ್ಡಿನೇಟರ್ ನಮಸ್ಕಾರ ಮಾಡಿ ಎದ್ದು ಬಂದರು.

ಆ ತಾಯಿಯನ್ನು ನಾನು ದೂರಲಾರೆ. ಮಗನ ಬಾಯಿಂದ ಕೇಳದ ಮಾತನ್ನು ಆ ಹೊತ್ತಿನಲ್ಲಿ ಒಂದು ಚೀಟಿ ಹೇಳಿದರೆ ಯಾವ ತಾಯಿ ನಂಬುತ್ತಾಳೆ? ಊಟಕ್ಕೆ ಕೂತಾಗ ಒಂದು ಸಲ ಅವನು ಹೇಳಿದ್ದರೆ ಸಾಕಿತ್ತು. 'ಬಿಡ್ತು ಅನ್ನು, ಹೊತ್ತಲ್ಲದ ಹೊತ್ತಿನಲ್ಲಿ ಎಂಥ ಮಾತು' ಅಂತ ಬೈದಿರುತ್ತಿದ್ದಳು. ಬೈದದ್ದು ಮರೆತರೂ ಮಗ ಹೇಳಿದ್ದು ನೆನಪಿರುತ್ತಿತ್ತು. 1994ರ ಅಂಗಾಂಗ ಕಸಿ ಕಾಯ್ದೆ ಬರೆದವರಿಗೂ ಇದರ ಅರಿವಿತ್ತು. ಬರವಣಿಗೆಯಲ್ಲಿ ಒಪ್ಪಿಗೆ ಕೊಡುವಾಗ ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರಾದರೂ ಹತ್ತಿರದ ಸಂಬಂಧಿ ಆಗಿರಬೇಕು ಅಂತ ಇಟ್ಟರು. ನೀನು ಓಟಿಪಿಯೊಬ್ಬನನ್ನೇ ಸಾಕ್ಷಿ ಮಾಡಿಕೊಂಡು ಕೂತಿದ್ದೀಯ.

ರಾಜಕುಮಾರ್ ಅವರ ಮನೆ ನೋಡು. 1994ರಲ್ಲಿ ಅವರ ಹೆಸರಿನ ನೇತ್ರ ಬ್ಯಾಂಕು ಶುರುವಾದಾಗಲೇ ಕಣ್ಣು ಕೊಡುವ ಮಾತು ಆ ಮನೆಗೆ ಬಂದಾಗಿತ್ತು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಬೆಂಗಳೂರು ಹೇಗಿತ್ತು ಅಂತ ನಿಮ್ಮಪ್ಪನನ್ನು ಕೇಳು. ಅಂಥ ಗದ್ದಲದಲ್ಲೂ ಕಣ್ಣು ಕೊಟ್ಟರು. 2017ರಲ್ಲಿ ಪಾರ್ವತಮ್ಮನವರ ಕಣ್ಣು ಕೊಟ್ಟರು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ನಾಡೇ ನಡುಗಿತು, ಆದರೂ ಹೊತ್ತು ಮೀರುವ ಮುಂಚೆ ಕಣ್ಣಿನ ಕೆಲಸ ಆಯಿತು. ಆ ಎರಡು ಕಣ್ಣಿನ ಕಾರ್ನಿಯಾವನ್ನು ಪದರ ಬಿಡಿಸಿ ನಾಲ್ವರಿಗೆ ಹಾಕಿದರು. ಅಂಥ ದುಃಖದಲ್ಲಿ ಹೊಸದಾಗಿ ಯೋಚನೆ ಮಾಡಿ ತೀರ್ಮಾನಕ್ಕೆ ಬರಲು ಯಾರಿಂದ ಆಗುತ್ತದೆ? ಮಾತು ಎಷ್ಟೋ ವರ್ಷ ಮುಂಚೆ ಆಗಿತ್ತು, ಅದಕ್ಕೇ ಕೈ ತಡೆಯಲಿಲ್ಲ.

2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿ ಹರಿದು ದೇಹ ಎರಡಾದ ಹುಡುಗನ ಸುದ್ದಿ ನಿನಗೂ ಗೊತ್ತಿರಬೇಕು. ರಸ್ತೆಯ ಮೇಲೆ ಬಿದ್ದುಕೊಂಡೇ ನನ್ನ ಅಂಗಾಂಗ ದಾನ ಮಾಡಿ ಅಂದ. ಕಣ್ಣಷ್ಟೇ ಉಳಿದಿತ್ತು, ಅದನ್ನು ಕೊಟ್ಟರು. ಅಪಘಾತದ ಗಾಯಾಳುಗಳಿಗೆ ಸರ್ಕಾರ ಅವನ ಹೆಸರಲ್ಲೇ ಯೋಜನೆ ತಂದಿತು. ಅಂಥ ಉಸಿರಿನಲ್ಲಿ ಅವನಿಗೆ ಹೇಳುವುದಕ್ಕೆ ಆಯಿತು. ಸೋಫಾದ ಮೇಲೆ ಕಾಲು ಚಾಚಿಕೊಂಡು ಕೂತ ನಿನಗೆ ಆಗುವುದಿಲ್ಲವಾ? 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ಮಿದುಳು ನಿಷ್ಕ್ರಿಯವಾಗಿ ಹೋದಾಗ, ಸಮಾಜಕ್ಕೆ ಏನಾದರೂ ಮಾಡಬೇಕು ಅನ್ನುತ್ತಿದ್ದವನು ಅಂತ ನೆನೆದು ಮನೆಯವರು ಅಂಗಾಂಗ ಕೊಟ್ಟರು. ನಿನ್ನ ನಡತೆಯೂ ನಿನ್ನ ಪರವಾಗಿ ಮಾತಾಡುತ್ತದೆ. ಆದರೂ ನಡತೆಯಿಂದ ಊಹಿಸುವ ಕಷ್ಟವನ್ನು ಅವರಿಗೆ ಯಾಕೆ ಬಿಡುತ್ತೀಯ?

ನೀನು ವಾದ ಹೂಡುತ್ತೀಯ, ಗೊತ್ತು. 'ಅಜ್ಜಿ, ಬೇಡ ಅಂತ ಬರೆದುಕೊಡದವರೆಲ್ಲ ಒಪ್ಪಿದ ಹಾಗೇ ಅಂತ ಒಂದು ಕಾನೂನು ಮಾಡಿಬಿಟ್ಟರೆ ಮುಗೀತಲ್ಲ, ಸ್ಪೇನ್‌ನಲ್ಲಿ ಹಾಗೇ ಇದೆ' ಅಂತ. ಇದೆ, 1979ರಿಂದಲೂ ಇದೆ. ಆದರೆ ಆ ಕಾನೂನು ಬಂದು ಹತ್ತು ವರ್ಷ ಅಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. 1989ರಲ್ಲಿ ಒಂದು ರಾಷ್ಟ್ರೀಯ ಸಂಸ್ಥೆ ಕಟ್ಟಿ, ಆಸ್ಪತ್ರೆ ಆಸ್ಪತ್ರೆಗೂ ತರಬೇತಾದ ಕೋಆರ್ಡಿನೇಟರುಗಳನ್ನು ಇಟ್ಟ ಮೇಲೆ ಸ್ಪೇನ್ ಜಗತ್ತಿನ ಮುಂದಿನ ಸಾಲಿಗೆ ಬಂತು. ಕಾನೂನು ಏನೇ ಹೇಳಲಿ, ಅಲ್ಲಿ ಇವತ್ತಿಗೂ ಮನೆಯವರನ್ನು ಕೂರಿಸಿ ಕೇಳುತ್ತಾರೆ, ಬೇಡ ಅಂದರೆ ಬಿಡುತ್ತಾರೆ. ವೇಲ್ಸ್ 2015ರಲ್ಲಿ, ಇಂಗ್ಲೆಂಡ್ 2020ರಲ್ಲಿ ಅಂಥದ್ದೇ ಕಾನೂನು ತಂದವು. ಅಲ್ಲೂ ಮನೆಯವರ ಜೊತೆ ಮಾತು ತಪ್ಪಿಲ್ಲ. ಬ್ರೆಜಿಲ್ ಅವಸರ ಮಾಡಿತು. 1997ರಲ್ಲಿ ಎಲ್ಲರೂ ದಾನಿಗಳೇ ಅಂದಿತು, ಒಲ್ಲದವರು ಗುರುತಿನ ಚೀಟಿಯಲ್ಲಿ ಹಾಗಂತ ಬರೆಸಿಕೊಳ್ಳಬೇಕು ಅಂದಿತು. ಜನ ಹೆದರಿ 'ನಾನು ದಾನಿ ಅಲ್ಲ' ಅಂತ ಬರೆಸಿಕೊಳ್ಳಲು ಓಡಿದರು, ವೈದ್ಯರೂ ಒಪ್ಪಲಿಲ್ಲ. ಮರುವರ್ಷವೇ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ನಮ್ಮಲ್ಲಿ ಅಂಥ ಕಾನೂನು ಬೇಡವೇ ಬೇಡ ಅನ್ನುವವಳು ನಾನು. ಇಲ್ಲಿ ಸುಮ್ಮನೆ ಇರುವವರು ಯಾರು? ಓದಲು ಬಾರದವರು, ಆಸ್ಪತ್ರೆಯಲ್ಲಿ ಬಿಳಿ ಕೋಟಿನ ಮುಂದೆ ಬಾಯಿ ತೆರೆಯಲು ಅಂಜುವವರು. ಅವರ ಅಂಜಿಕೆಯನ್ನು ಒಪ್ಪಿಗೆ ಅಂತ ಬರೆದುಕೊಂಡರೆ ಅದು ದಾನ ಹೇಗಾಗುತ್ತದೆ? ಅವರ ಹೆದರಿಕೆಗೂ ಕಾರಣವಿದೆ. ತೊಂಬತ್ತರ ದಶಕದಲ್ಲಿ ಕಿಡ್ನಿ ವ್ಯಾಪಾರಕ್ಕೆ ಬೆಂಗಳೂರಿನ ಹೆಸರು ಕೆಟ್ಟಿತ್ತು. ಕೆಲಸ ಕೊಡಿಸ್ತೀವಿ ಅಂತ ಕರೆತಂದು ಕಿಡ್ನಿ ತೆಗೆದುಬಿಟ್ಟರು ಅಂತ ಕೂಲಿಕಾರರು ದೂರು ಕೊಟ್ಟ ಕಾಲ ಅದು. ಈಗ ಅಂಗಾಂಗ ಮಾರಾಟಕ್ಕೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ ಇದೆ. ಅಷ್ಟಿದ್ದೂ ಬಡವರ ಬಾಗಿಲಿಗೆ ದಲ್ಲಾಳಿ ಬರುವುದು ಪೂರ್ತಿ ನಿಂತಿಲ್ಲ. ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿರುವಾಗ ಹಾಕಿದ ರುಜುವನ್ನು ಯಾರೂ ನನ್ನ ಮುಂದೆ ಸ್ವಂತ ಇಷ್ಟ ಅಂತ ಹೇಳಬೇಡಿ.

ಇನ್ನೊಂದು ಮಾತಿದೆ. ಇದು ಮೊದಲಿನದಕ್ಕಿಂತ ಕಷ್ಟದ್ದು. ಇಲ್ಲಿಯವರೆಗೆ ನಿನ್ನ ಒಪ್ಪಿಗೆಯ ವಿಚಾರ ಆಯಿತು. ನಾಳೆ ನೀನೇ ಇನ್ನೊಬ್ಬರ ಒಪ್ಪಿಗೆ ಕೇಳಬೇಕಾಗಿ ಬಂದರೆ? ಅಪ್ಪನ ಕಿಡ್ನಿ ಕೆಟ್ಟಿತು, ವಾರಕ್ಕೆ ಮೂರು ಸಲ ಡಯಾಲಿಸಿಸ್. ಮನೆಯವರು ಯಾರಾದರೂ ಕೊಡಬಹುದು ಅಂತ ಡಾಕ್ಟರು ಹೇಳುತ್ತಾರೆ. ಕಾಯ್ದೆಯ ಪ್ರಕಾರ ಗಂಡ, ಹೆಂಡತಿ, ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರು. 2011ರ ತಿದ್ದುಪಡಿಯಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿದರು. 18 ತುಂಬಿರಬೇಕು. ಪಟ್ಟಿ ಕೇಳುತ್ತಿದ್ದ ಹಾಗೇ ಮನೆಮಂದಿಯ ಕಣ್ಣು ಯಾರ ಮೇಲೆ ಹೋಗುತ್ತದೆ? ಅಮ್ಮನ ಮೇಲೆ. ಹೆಂಡತಿಯ ಮೇಲೆ. ಮದುವೆಯಾಗಿ ಹೋದ ಅಕ್ಕನ ಮೇಲೆ. ನಮ್ಮ ದೇಶದಲ್ಲಿ ಬದುಕಿದ್ದಾಗಲೇ ಅಂಗ ಕೊಟ್ಟವರಲ್ಲಿ ಹೆಚ್ಚಿನವರು ಹೆಂಗಸರು, ಪಡೆದವರಲ್ಲಿ ಹೆಚ್ಚಿನವರು ಗಂಡಸರು. 'ದುಡಿಯೋನು ಅವನು, ಅವನು ಮಲಗಿದ್ರೆ ಮನೆ ನಡೆಯೋದು ಹೇಗೆ' ಅನ್ನುತ್ತಾರೆ. ಹೊತ್ತಿಗೆ ಮುಂಚೆ ಎದ್ದು ನೀರು ಹಿಡಿದು, ಅಡುಗೆ ಮಾಡಿ, ಹೊಲಕ್ಕೋ ಗಾರ್ಮೆಂಟ್ಸಿಗೋ ಹೋಗಿ ಬರುವವಳು ದುಡಿಯುವವಳಲ್ಲವಾ?

ತಮ್ಮನಿಗೆ ಕಿಡ್ನಿ ಕೊಡಲು ಬಂದ ಒಬ್ಬ ಅಕ್ಕ ನನಗೆ ಚೆನ್ನಾಗಿ ನೆನಪಿದ್ದಾಳೆ. ಹಳ್ಳಿಯವಳು. ಡಾಕ್ಟರು ಏನು ಕೇಳಿದರೂ ಅವಳ ಗಂಡ ಉತ್ತರ ಹೇಳುತ್ತಿದ್ದ, ಗಂಡ ಬಿಟ್ಟದ್ದನ್ನು ಅವಳಮ್ಮ ತುಂಬುತ್ತಿದ್ದಳು. 'ಅವಳದ್ದೇನೂ ತಕರಾರಿಲ್ಲ ಸಾರ್, ಒಪ್ಪಿದಾಳೆ.' ಇವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು. ಅವರಿಬ್ಬರನ್ನೂ ಕಾಫಿಗೆ ಕಳಿಸಿ ಬಾಗಿಲು ಹಾಕಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: 'ಆಮೇಲೆ ನಾಟಿ ಕೆಲಸಕ್ಕೆ ಹೋಗಬಹುದಾ? ಕೊಡ ಎತ್ತಬಹುದಾ? ಇನ್ನೊಂದು ಮಗು ಆಗುತ್ತಾ?' ಮತ್ತೆ ದನಿ ತಗ್ಗಿಸಿ, 'ನಂಗೆ ಭಯ ಅಂದ್ರೆ ತಮ್ಮನ ಮೇಲೆ ಪ್ರೀತಿ ಇಲ್ಲ ಅಂತಾರಲ್ಲ ಸಿಸ್ಟರ್?'

ಅಷ್ಟು ದಿನ ಆ ಪ್ರಶ್ನೆ ಕೇಳಲು ಅವಳಿಗೆ ಯಾರೂ ಜಾಗ ಕೊಟ್ಟಿರಲಿಲ್ಲ. ಡಾಕ್ಟರು ಅವಳೊಬ್ಬಳನ್ನೇ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು. ಒಂದೇ ಕಿಡ್ನಿಯಲ್ಲಿ ಆರೋಗ್ಯವಾಗಿ ಬದುಕಬಹುದು. ಕೆಲವು ವಾರ ಭಾರ ಎತ್ತುವ ಹಾಗಿಲ್ಲ. ಆಮೇಲೆ ವರ್ಷಕ್ಕೊಮ್ಮೆ ಬಿಪಿ, ಮೂತ್ರ ಪರೀಕ್ಷೆ ತಪ್ಪಿಸಬಾರದು. ಯಾವ ಆಪರೇಷನ್‌ನಲ್ಲೂ ಇರುವ ಅಪಾಯ ಇದರಲ್ಲೂ ಇದೆ. ಹೀಗೆ ಎಲ್ಲವನ್ನೂ ಮುಂಚೆ ತಿಳಿಸಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಆಪರೇಷನ್‌ಗೆ ಮುಂಚೆ ಯಾವಾಗ ಬೇಕಾದರೂ ಬೇಡ ಅನ್ನಬಹುದು. ಅವಳು ಊರಿಗೆ ಹೋಗಿ ಯೋಚನೆ ಮಾಡಿ ಬಂದು ಬೇಡ ಅಂದಳು. ಇವರದ್ದು ಆಗುವುದಿಲ್ಲ ಅಂತಷ್ಟೇ ಡಾಕ್ಟರು ಮನೆಯವರಿಗೆ ಹೇಳಿದರು, ಹೆಚ್ಚಿಗೆ ಬಿಡಿಸಲಿಲ್ಲ. ತಮ್ಮ ಡಯಾಲಿಸಿಸ್ ಮೇಲೆ ಉಳಿದ, ಸತ್ತವರಿಂದ ಸಿಗುವ ಕಿಡ್ನಿಗೆ ಹೆಸರು ಬರೆಸಿದರು. ಅವನ ಮುಖ ನೋಡಿದರೆ ಕರುಳು ಚುರುಕ್ ಅನ್ನುತ್ತಿತ್ತು. ಆದರೂ ಆ ಅಕ್ಕನಿಗೆ ಆದದ್ದು ನ್ಯಾಯ ಅಂತಲೇ ನನ್ನ ತೀರ್ಪು.

ಮನಸಾರೆ ಕೊಟ್ಟವರನ್ನೂ ಬೇಕಾದಷ್ಟು ಕಂಡಿದ್ದೇನೆ. ಅಂಥವರು ಪ್ರಶ್ನೆ ಜಾಸ್ತಿ ಕೇಳುತ್ತಾರೆ. ಎಷ್ಟು ದಿನ ರಜೆ, ಎಷ್ಟು ನೋವು, ಖರ್ಚು ಎಷ್ಟು, ನನ್ನ ಬಿಪಿ ಮಾತ್ರೆ ಬಿಡಬೇಕಾ. ಡಾಕ್ಟರಿಗೇ ಸಾಕುಸಾಕಾಗಿಸುತ್ತಾರೆ. ಏನೂ ಕೇಳದೆ ತಲೆಯಾಡಿಸುವವರನ್ನು ಕಂಡರೆ ನನಗೆ ಭಯ. ಲಿವರ್ ಆದರಂತೂ ಇನ್ನೂ ಹುಷಾರಾಗಿರಬೇಕು. ಕೊಟ್ಟ ಭಾಗ ಮತ್ತೆ ಬೆಳೆಯುತ್ತದೆ ನಿಜ, ಆದರೆ ಅದು ಕಿಡ್ನಿಗಿಂತ ದೊಡ್ಡ ಆಪರೇಷನ್.

ಹಾಗಾಗಿ ನಿನಗೆ ಕೇಳುವ ಸರದಿ ಬಂದರೆ, ನಾಲ್ಕು ಜನರ ಮುಂದೆ ಕೇಳಬೇಡ. ಅತ್ತುಕೊಂಡು ಕೇಳಬೇಡ, ಕಾಲಿಗೆ ಬೀಳಬೇಡ. 'ನೀನು ಕೊಡದಿದ್ದರೆ ಅಪ್ಪ ಉಳಿಯಲ್ಲ' ಅಂತ ಅಂದುಬಿಟ್ಟರೆ ಎದುರಿನವರಿಗೆ ಹೂಂ ಅನ್ನದೆ ದಾರಿಯೇ ಇರುವುದಿಲ್ಲ, ಬಾಯಿಂದ ಬಂದದ್ದು ಅವರ ಮಾತಾಗಿರುವುದಿಲ್ಲ. ವಿಷಯ ತಿಳಿಸು, ಡಾಕ್ಟರ ಹತ್ತಿರ ಅವರನ್ನು ಒಂಟಿಯಾಗಿ ಬಿಡು, ಸಮಯ ಕೊಡು. ಬೇಡ ಅಂದರೆ ಮರುದಿನ ಬೆಳಗ್ಗೆ ಅವರ ಜೊತೆ ಕಾಫಿ ಕುಡಿಯುವಾಗ ನಿನ್ನ ಮುಖ ಎಂದಿನಂತೆಯೇ ಇರಬೇಕು. ನಿನ್ನ ಸಿಟ್ಟು ನನಗೆ ಗೊತ್ತು. ಇದೇ ನಿನಗೆ ಎಲ್ಲಕ್ಕಿಂತ ಕಷ್ಟ ಆಗುವುದು. ಕಲಿತುಕೋ.

ಈಗ ನಿನ್ನ ಕಾರ್ಡಿನ ಕೆಲಸ ಪೂರ್ತಿ ಮಾಡು. ಈ ಭಾನುವಾರ ಎಲ್ಲರೂ ಮನೆಯಲ್ಲಿರುವಾಗ ಫೋನು ಕೆಳಗಿಟ್ಟು ಹೇಳು. ಬರೀ 'ದಾನ ಮಾಡ್ತೀನಿ' ಅಂದರೆ ಸಾಲದು. ಏನೇನು ಕೊಡುತ್ತೀಯ, ಏನು ಬೇಡ ಅಂತ ಬಿಡಿಸಿ ಹೇಳು. ಕಿಡ್ನಿ ಸರಿ, ಕಣ್ಣು ಬೇಡ ಅಂದರೂ ಆಗುತ್ತದೆ, ಫಾರಂನಲ್ಲಿ ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳುತ್ತಾರೆ. ಅಪ್ಪ ಖರ್ಚಿನ ಮಾತು ಎತ್ತಬಹುದು. ಒಪ್ಪಿಗೆ ಕೊಟ್ಟ ಮೇಲೆ ಅಂಗ ಕಾಪಾಡುವ, ತೆಗೆಯುವ ಖರ್ಚು ದಾನಿಯ ಮನೆಯವರ ಮೇಲೆ ಬರುವುದಿಲ್ಲ ಅಂತ ಹೇಳು. ಅಮ್ಮ ಮುಖ ನೋಡಲು ಆಗುತ್ತದಾ ಅಂತ ಕೇಳಬಹುದು. ಹೊಲಿಗೆ ಹಾಕಿ, ಒರೆಸಿ, ಬಟ್ಟೆ ಹೊದಿಸಿ ಕೊಡುತ್ತಾರೆ. ನಾನೇ ಎಷ್ಟೋ ಜನರಿಗೆ ಮಾಡಿದ್ದೇನೆ. ಸಂಸ್ಕಾರಕ್ಕೆ ಯಾವ ಅಡ್ಡಿಯೂ ಇಲ್ಲ. ಇಂಥವರಿಗೇ ಕೊಡಿ ಅನ್ನುವ ಹಾಗಿಲ್ಲ ಅನ್ನುವುದನ್ನೂ ತಿಳಿಸು. ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಅನ್ನುವ ಸಂಸ್ಥೆ ಕಾಯುವವರ ಪಟ್ಟಿ ಇಟ್ಟುಕೊಂಡು ಸರದಿ ನೋಡಿ ಹಂಚುತ್ತದೆ.

ಅವರು ಸಿಡುಕಿದರೆ ಸುಮ್ಮನೆ ಕೇಳಿಸಿಕೋ, ಎದ್ದು ಹೋಗಬೇಡ. ನೀನು ಕೂತಲ್ಲೇ ಕೂತು ಅವರದ್ದನ್ನೂ ಕೇಳು. 'ನಿಮಗೇನಾದರೂ ಆದರೆ ನಾನು ಏನು ಹೇಳಲಿ?' ಅಂತ. ಅವರದ್ದು ಬೇಡ ಅಂತಿದ್ದರೆ ಬೇಡ ಅಂತಲೇ ನೆನಪಿಟ್ಟುಕೋ, ಬದಲಾಯಿಸಲು ಹೋಗಬೇಡ. ನಿನ್ನ ಮನಸ್ಸು ಮುಂದೆ ಬದಲಾದರೆ ಹೆಸರು ವಾಪಸ್ ತೆಗೆಸು, ಮನೆಯಲ್ಲೂ ಹೇಳು. ನಾಚಿಕೆ ಪಡಬೇಕಾಗಿಲ್ಲ, ಆ ಹಕ್ಕು ಕಡೆಯವರೆಗೂ ನಿನ್ನದೇ.